ಅಕ್ಷರಗುಂಡಿನ ಆಚೆಗಿರುವ ಊರು

ಅಮೆರಿಕದಲ್ಲಿ ನೆಲೆಸಿದ ನಮ್ಮವರು ರಜೆ ಸಿಕ್ಕಾಗ ಕೊಲರಾಡೊ, ನ್ಯೂ ಮೆಕ್ಸಿಕೊ ಕಡೆ ಹೋಗಿ ಅಲ್ಲಿಯ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಹಳೆಯ ಊರುಗಳನ್ನು ನೋಡಿ ಬರುವುದುಂಟು. ಬೆಂಗಳೂರಿನ ಪಕ್ಕದ ಮಾಕಳಿಯಲ್ಲಿ ನನಗೆ ಪರಿಚಯವಿರುವ ಹಿರಿಯರೊಬ್ಬರು ಮಗಳು ಕಳಿಸಿದ ಅಂಥ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದರು. ದೊಡ್ಡ ಬಂಡೆಯ ಚಾಚಿನ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಕಲ್ಲುಗೋಡೆಯ ಮನೆಗಳು, ನಡುವೆ ನೆಲ ತೋಡಿ ಕಟ್ಟಿದ ದುಂಡನೆಯ ಕೋಣೆಗಳು, ಮೇಲೆ ಕೆಂಪುಕಲ್ಲಿನ ಗುಡ್ಡ. ಕೊಲರಾಡೊದ ಮೇಸಾ ವರ್ಡೆಯ 'ಕ್ಲಿಫ್ ಪ್ಯಾಲೆಸ್' ಅದು. ಸುಮಾರು 150 ಕೋಣೆಗಳ ಆ ವಸತಿಯಲ್ಲಿ 13ನೇ ಶತಮಾನದಲ್ಲಿ ಜನ ಬಾಳಿದ್ದರು. "ನೋಡಿ ಸಾರ್, ರಾಜನಲ್ಲ, ಮಂತ್ರಿಯಲ್ಲ, ಜೋಳ ಬೆಳೆಯೋ ಜನ ಇದ್ದ ಮನೆಗಳಂತೆ. ಟಿಕೆಟ್ ತಗೊಂಡು ಹೋಗಿ ನೋಡ್ತಾರೆ. ನಮ್ ಕಡೆ ಇಂಥದ್ದೊಂದೂ ಇಲ್ವಲ್ಲ" ಎಂದರು.

ಇದೆ. ಅವರ ಮನೆಯ ಮುಂದಿನ ರಸ್ತೆಯೇ ಅಲ್ಲಿಗೆ ಹೋಗುತ್ತದೆ. ಮಾಕಳಿಯಲ್ಲಿ ತುಮಕೂರು ರಸ್ತೆಗೆ ಇಳಿದು ನೆಲಮಂಗಲ, ದಾಬಸ್‌ಪೇಟೆ, ತುಮಕೂರು, ಸಿರಾ ದಾಟಿದರೆ ಹಿರಿಯೂರು. ಅಲ್ಲಿಂದ ಬಲಕ್ಕೆ ಹೊರಳಿ ಬಳ್ಳಾರಿ ಹೆದ್ದಾರಿ ಹಿಡಿದರೆ ಚಳ್ಳಕೆರೆ. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಒಳರಸ್ತೆಗಳಲ್ಲಿ ಕೇಳಿಕೊಂಡು ಹೋದರೆ ಅಶೋಕ ಸಿದ್ದಾಪುರ ಸಿಗುತ್ತದೆ. ಊರಿನ ಪಕ್ಕಕ್ಕೆ ಗುಂಡುಗಳನ್ನು ಪೇರಿಸಿಟ್ಟಂತಿರುವ ಬೋಳು ಬೆಟ್ಟವೇ ಬ್ರಹ್ಮಗಿರಿ. ಒಟ್ಟು ಸುಮಾರು 250 ಕಿಲೋಮೀಟರ್. ನಸುಕಿನಲ್ಲಿ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಬ್ರಹ್ಮಗಿರಿಯ ಹೆಸರು ಶಾಲೆ ಓದಿದ ಎಲ್ಲರಿಗೂ ಗೊತ್ತು, ಅಶೋಕನ ಶಾಸನದಿಂದಾಗಿ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿಯ ಬಂಡೆಯ ಮೇಲಿನ ಬ್ರಾಹ್ಮಿ ಬರಹವನ್ನು ಲೋಕಕ್ಕೆ ತಿಳಿಸಿದರು. ಹತ್ತಿರದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅದರ ಜೊತೆಯ ಇನ್ನೆರಡು ಶಾಸನಗಳಿವೆ. ಸುತ್ತಲಿನವರು ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಿದ್ದರು; ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗವಾದ್ದರಿಂದ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಇದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಅರಸನ ಮಾತನ್ನು ತಿಳಿಸುತ್ತದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಬರೆದವನ ಹೆಸರು ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ, ಎಂದರೆ ದೇಶದ ವಾಯವ್ಯ ಮೂಲೆಯ ಲಿಪಿ ಬಲ್ಲವನೊಬ್ಬ ಆ ಕಾಲಕ್ಕೇ ಮೊಳಕಾಲ್ಮೂರಿನ ಬಿಸಿಲಿನಲ್ಲಿ ಉಳಿ ಹಿಡಿದು ಕೂತಿದ್ದ.

ಬರುವವರಲ್ಲಿ ಹೆಚ್ಚಿನವರು ಈ ಬಂಡೆಯನ್ನು ನೋಡಿ, ಫೋಟೊ ತೆಗೆದು, ಕಾರು ಹತ್ತುತ್ತಾರೆ. ನನ್ನ ಮನಸ್ಸಿಗೆ ನೋವಾಗುವುದು ಅಲ್ಲಿಯೇ. ಆಜ್ಞೆ ಬಂದದ್ದು ಒಂದು ಊರಿಗೆ. ಆ ಊರು ಇಸಿಲ. ವಿದ್ವಾಂಸರು ಅದನ್ನು ಇಲ್ಲಿಯ ನೆಲೆಯೊಂದಿಗೇ ಗುರುತಿಸಿದ್ದಾರೆ. ಪಾಟಲಿಪುತ್ರದ ಅರಸನಿಗೆ ಈ ಊರಿನ ನೆನಪಾಗುವ ವೇಳೆಗೆ ಇಲ್ಲಿ ಜನ ಮನೆ ಕಟ್ಟಿ, ದನ ಸಾಕಿ, ಸತ್ತವರನ್ನು ಹೂಳಿ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆಗಿಹೋಗಿತ್ತು. ಅಕ್ಷರಗುಂಡಿನ ಸುತ್ತ ಬೆಟ್ಟದ ಬುಡದ ಇಳಿಜಾರಿನಲ್ಲಿ, ಹೊಲಗಳ ಅಂಚಿನಲ್ಲಿ ಹರಡಿಕೊಂಡಿರುವುದು ಆ ಜನರ ಊರು ಮತ್ತು ಅವರ ಸಮಾಧಿಗಳು. ಅಕ್ಷರವಿಲ್ಲದ ಕಾರಣಕ್ಕೆ ನಾವು ಅದನ್ನು ದಾಟಿಕೊಂಡು ಬರುತ್ತೇವೆ.

ಅಲ್ಲಿ ಕಣ್ಣಿಗೆ ಬೀಳುವುದು ಏನು? ಮೊದಲು ಸಿಗುವುದು ಕಲ್ಲಿನ ವೃತ್ತಗಳು. ಆಳೆತ್ತರದ್ದೇನಲ್ಲ, ಮೊಣಕಾಲುದ್ದ, ಕೆಲವು ಇನ್ನೂ ಚಿಕ್ಕ ಗುಂಡುಗಳನ್ನು ದುಂಡಗೆ ಜೋಡಿಸಿದ್ದು. ಹುಲ್ಲು, ಬಂದರಿಕೆ ಗಿಡಗಳ ನಡುವೆ ನಿಂತು ಸ್ವಲ್ಪ ಹೊತ್ತು ನೋಡಿದರೆ ಒಂದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು ಕಾಣತೊಡಗುತ್ತವೆ. ಅವುಗಳಲ್ಲಿ ಕೆಲವಕ್ಕೆ ನಡುವೆ ಚಪ್ಪಡಿಗಳಿಂದ ಮಾಡಿದ ಪೆಟ್ಟಿಗೆಯಂಥ ಕೋಣೆ ಇದೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸುವಾಗ ಪ್ರತಿಯೊಂದರ ಒಂದು ತುದಿ ಪಕ್ಕದ್ದನ್ನು ದಾಟಿ ಮುಂದೆ ಚಾಚುವಂತೆ ಇಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಹೊರಗಿನ ಮಣ್ಣು ಒತ್ತಿದಾಗ ಒಂದು ಚಪ್ಪಡಿ ಇನ್ನೊಂದಕ್ಕೆ ಆನಿಕೊಂಡು ನಿಲ್ಲುತ್ತದೆ, ಒಳಕ್ಕೆ ಬೀಳುವುದಿಲ್ಲ. ಗಾರೆಯಿಲ್ಲ, ಮೊಳೆಯಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಅಂಚನ್ನು ಸುತ್ತಲೂ ಬಡಿದು ಬಡಿದು ನುಣುಪು ಮಾಡಿದ ಕಿಂಡಿ ಅದು.

ಚಪ್ಪಡಿ ಎಬ್ಬಿಸುವ ಕೆಲಸ ಬೆಂಗಳೂರಿನ ಉತ್ತರದವರಿಗೆ ಹೊಸದಲ್ಲ. ನಮ್ಮ ಕಡೆಯ ಹಳೆಯ ತೋಟಗಳ ಬೇಲಿಗೆ ನಿಲ್ಲಿಸಿದ ಕಲ್ಲು, ಹಳೆಯ ಮನೆಗಳ ಚಾವಣಿಗೆ ಹೊದಿಸಿದ ಕಲ್ಲು ಎಲ್ಲವೂ ಚಪ್ಪಡಿಯೇ. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ, ಬಿಸಿಗೆ ಮೇಲ್ಪದರ ತಳದ ಬಂಡೆಯಿಂದ ಬಿಟ್ಟುಕೊಳ್ಳುವಂತೆ ಮಾಡಿ, ಆಮೇಲೆ ಬೇಕಾದ ಅಳತೆಗೆ ಸೀಳುವ ವಿದ್ಯೆ ಇಲ್ಲಿಯ ಕಲ್ಲುಕುಟಿಗರಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಲಿನ ಗುಣ ಅರಿತವರ ಕೈ ಬ್ರಹ್ಮಗಿರಿಯ ಸಮಾಧಿಗಳಲ್ಲೂ ಕಾಣುತ್ತದೆ. ಪದರು ಪದರಾಗಿ ಬಿಡುವ ಬಂಡೆಯನ್ನೇ ಅವರು ಆರಿಸಿದ್ದಾರೆ.

ಈ ಕಲ್ಲುಕೋಣೆಗಳ ಒಳಗೆ ಇಡೀ ದೇಹವನ್ನು ಮಲಗಿಸುತ್ತಿರಲಿಲ್ಲ. ಸತ್ತವರನ್ನು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಆಯ್ದ ಎಲುಬುಗಳನ್ನು ತಂದು, ಮಡಕೆಗಳ ಜೊತೆ, ಕಬ್ಬಿಣದ ಉಪಕರಣಗಳ ಜೊತೆ, ಮಣಿಗಳ ಜೊತೆ ಇಡುತ್ತಿದ್ದರು. ಒಂದೇ ಸಮಾಧಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಎಲುಬು ಸಿಕ್ಕಿರುವುದುಂಟು. ಕಲ್ಲು ಕಿತ್ತು, ಸಾಗಿಸಿ, ನಿಲ್ಲಿಸಿ, ಸುತ್ತ ವೃತ್ತ ಜೋಡಿಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಊರಿಗೆ ಊರೇ ಕೈಹಾಕಬೇಕು. ಸತ್ತವರಿಗಾಗಿ ಇಷ್ಟು ಬೆವರು ಹರಿಸಿದ ಜನ ತಮ್ಮ ಮನೆಗಳನ್ನು ಮಾತ್ರ ಮರ, ಬಿದಿರು, ಮಣ್ಣಿನಿಂದ ಕಟ್ಟಿಕೊಂಡರು. ಆದ್ದರಿಂದಲೇ ನಮಗೆ ಸಮಾಧಿಗಳು ಉಳಿದಿವೆ, ಮನೆಗಳು ಕಾಣುವುದಿಲ್ಲ. ಮೇಸಾ ವರ್ಡೆಯಲ್ಲಿ ಮನೆಗಳೇ ಕಲ್ಲಿನವು, ಮೇಲೆ ಬಂಡೆಯ ಸೂರು ಬೇರೆ. ಅಲ್ಲಿ ಕಣ್ಣು ಹಾಯಿಸಿದರೆ ಸಾಕು, ಅಡುಗೆ ಮನೆ, ಉಗ್ರಾಣ, ಅಂಗಳ ಗೊತ್ತಾಗುತ್ತದೆ. ಬ್ರಹ್ಮಗಿರಿಯಲ್ಲಿ ಮನೆಯನ್ನು ಮಣ್ಣಿನಿಂದ ಓದಬೇಕು.

ಹಾಗೆ ಓದಿದವರ ಕತೆ ಹೇಳಬೇಕಾದದ್ದೇ. 1940ರ ದಶಕದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಅಗೆದು ನೋಡಿದರು. ಅದಕ್ಕೂ ಮೊದಲು, 1929ರ ಸುಮಾರಿಗೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿ ಆ ಜಾಗದ ಮಹತ್ವವನ್ನು ತೋರಿಸಿಕೊಟ್ಟವರೂ ಅವರೇ. ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ, ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಗೆ ಬಂದರು. ಅವರ ಮುಂದಿದ್ದ ಪ್ರಶ್ನೆ ಸರಳ, ಉತ್ತರ ಕಠಿಣ. ದಕ್ಷಿಣ ಭಾರತದ ಹಳೆಯ ಮಡಕೆಚೂರುಗಳು, ಕಲ್ಲುಕೊಡಲಿಗಳು, ಈ ಸಮಾಧಿಗಳು ಯಾವ ಕಾಲದವು? ಶಾಸನವಿಲ್ಲದ ಜನರಿಗೆ ಇಸವಿ ಹಾಕುವುದು ಹೇಗೆ? ಆಗಿನ್ನೂ ಇಂಗಾಲದ ಪರೀಕ್ಷೆ ಬಂದಿರಲಿಲ್ಲ.

ಉತ್ತರದ ಮೊದಲ ತುದಿ ಸಿಕ್ಕಿದ್ದು ಪುದುಚೇರಿಯ ಪಕ್ಕದ ಅರಿಕಮೇಡುವಿನಲ್ಲಿ. 1945ರಲ್ಲಿ ವೀಲರ್ ಅಲ್ಲಿ ಅಗೆದಾಗ ಇಟಲಿಯ ಅರೆಝ್ಝೊ ಕಡೆಯ ಕೆಂಪು ಮೆರುಗಿನ ತಟ್ಟೆಗಳ ಚೂರು ಸಿಕ್ಕವು. ಆ ತಟ್ಟೆಗಳನ್ನು ರೋಮನ್ನರು ಯಾವಾಗ ಮಾಡುತ್ತಿದ್ದರು, ಯಾವಾಗ ಬಿಟ್ಟರು ಎಂಬುದು ಯುರೋಪಿನವರಿಗೆ ಖಚಿತವಾಗಿ ಗೊತ್ತಿತ್ತು; ಕ್ರಿಸ್ತಶಕ ಒಂದನೇ ಶತಮಾನದ ನಡುವಿನ ಆಚೆ ಅವು ಬರುವುದಿಲ್ಲ. ಅದೇ ಪದರದಲ್ಲಿ, ಅವುಗಳ ಜೊತೆಜೊತೆಗೇ, ಒಳತಳದಲ್ಲಿ ಚುಕ್ಕೆಸಾಲಿನ ಬಳೆಗಳಿರುವ ಒಂದು ಬಗೆಯ ತೆಳುವಾದ ತಟ್ಟೆಯೂ ಸಿಕ್ಕಿತು. ರೋಮನ್ ತಟ್ಟೆಯ ಜೊತೆ ಸಿಕ್ಕಿದ್ದರಿಂದ ಈ ಚುಕ್ಕೆಸಾಲಿನ ತಟ್ಟೆಗೂ ಕಾಲ ಗೊತ್ತಾಯಿತು. ಎರಡು ವರ್ಷದ ನಂತರ ಬ್ರಹ್ಮಗಿರಿಯ ಮೇಲಿನ ಪದರಗಳಲ್ಲಿ ಅದೇ ಚುಕ್ಕೆಸಾಲಿನ ತಟ್ಟೆಯ ಚೂರುಗಳು ಬಂದವು. ಅದೇ ವರ್ಷ ಚಂದ್ರವಳ್ಳಿಯ ಅಗೆತದಲ್ಲಿ ರೋಮ್‌ನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ದೊರಕಿತು. ಅಲ್ಲಿಗೆ ಮೊಳಕಾಲ್ಮೂರಿನ ಒಂದು ಪದರಕ್ಕೆ ಇಸವಿ ಬಿತ್ತು. ಹಳೆಯ ಮನೆಯ ಗೋಡೆಯಲ್ಲಿ ವರ್ಷ ವರ್ಷ ಬಳಿದ ಸುಣ್ಣದ ಪದರಗಳ ಹಾಗೆ, ಕೆಳಗಿನದು ಮೇಲಿನದಕ್ಕಿಂತ ಹಳೆಯದು ಎಂಬ ಒಂದೇ ನ್ಯಾಯದ ಮೇಲೆ ವೀಲರ್ ಕೆಳಗಿಳಿಯುತ್ತ ಹೋದರು. ಚುಕ್ಕೆಸಾಲಿನ ತಟ್ಟೆಯ ಕೆಳಗೆ ಕಬ್ಬಿಣ ಬಳಸಿದ, ಕಲ್ಲುವೃತ್ತದ ಸಮಾಧಿ ಕಟ್ಟಿದ ಜನ. ಅವರ ಕೆಳಗೆ ನುಣುಪು ಮಾಡಿದ ಕಲ್ಲುಕೊಡಲಿ ಹಿಡಿದು, ತಿಗರಿ ಇಲ್ಲದೆ ಕೈಯಿಂದಲೇ ಬೂದುಬಣ್ಣದ ಮಡಕೆ ತಟ್ಟಿದ ಜನ.

ರೋಮ್‌ನ ನಾಣ್ಯ ಎಂದರೆ ದೂರದ ಮಾತು ಎನ್ನಿಸಬಾರದು. ನಮ್ಮ ಯಶವಂತಪುರದಲ್ಲೇ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ತುಮಕೂರು ರಸ್ತೆಯ ಎರಡು ತುದಿಯಲ್ಲೂ ಒಂದೇ ಕಾಲದ ವ್ಯಾಪಾರದ ಗುರುತು ಇದೆ.

ವೀಲರ್ ಕೊಟ್ಟ ಇಸವಿಗಳೆಲ್ಲ ನಿಲ್ಲಲಿಲ್ಲ. ಕಲ್ಲುಕೊಡಲಿಯ ಜನರನ್ನು ಅವರು ಕ್ರಿ.ಪೂ. 1000ದ ಆಸುಪಾಸಿನಿಂದ, ಸಮಾಧಿಯ ಜನರನ್ನು ಕ್ರಿ.ಪೂ. 200ರಿಂದ ಎಣಿಸಿದ್ದರು. ಇಂಗಾಲದ ಪರೀಕ್ಷೆ ಬಂದ ಮೇಲೆ ತೆಕ್ಕಲಕೋಟೆ, ಹಳ್ಳೂರು, ತೆಲಂಗಾಣದ ಉಟ್ನೂರು ಮುಂತಾದ ಕಡೆಯ ಇದ್ದಿಲು ಹೇಳಿದ್ದೇ ಬೇರೆ. ಕಲ್ಲುಕೊಡಲಿಯ ಕಾಲ, ಎಂದರೆ ದಕ್ಷಿಣದ ನವಶಿಲಾಯುಗ, ಕ್ರಿ.ಪೂ. 2000ಕ್ಕಿಂತ ಬಹಳ ಹಿಂದಕ್ಕೆ ಹೋಯಿತು, ಎಂ.ಎಸ್. ನಾಗರಾಜರಾವ್ ಅಗೆದ ಹಳ್ಳೂರಿನಲ್ಲಿ ಕಬ್ಬಿಣವೇ ಕ್ರಿ.ಪೂ. 1000ದ ಸುಮಾರಿಗೆ ಬಂತು. ಆದರೂ ಪದರಗಳ ಅನುಕ್ರಮ ಹಾಗೆಯೇ ಉಳಿಯಿತು. ಇಸವಿ ತಿದ್ದಬಹುದು, ಯಾವುದರ ಮೇಲೆ ಯಾವುದಿತ್ತು ಎಂಬುದನ್ನು ಸರಿಯಾಗಿ ಬರೆದಿಟ್ಟಿದ್ದರಿಂದಲೇ ತಿದ್ದುವುದಕ್ಕೂ ಸಾಧ್ಯವಾಯಿತು.

ಪ್ಯೂಬ್ಲೊ ಊರುಗಳಿಗೆ ಇಸವಿ ಸಿಕ್ಕಿದ ಕತೆಯೂ ಇದಕ್ಕೆ ಒಡಹುಟ್ಟಿದ್ದೇ. ಅಲ್ಲಿ ಸಾಕ್ಷಿ ಹೇಳಿದ್ದು ಮನೆಯ ತೊಲೆ. ಮರ ವರ್ಷಕ್ಕೊಂದು ಬಳೆ ಬೆಳೆಸುತ್ತದೆ. ಮಳೆ ಚೆನ್ನಾದ ವರ್ಷ ದಪ್ಪ, ಬರಗಾಲದಲ್ಲಿ ತೆಳು. ಎ.ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ ಜೀವಂತ ಮರಗಳಿಂದ ಹಿಂದಕ್ಕೆ ಬಳೆಗಳನ್ನು ಹೊಂದಿಸುತ್ತ ಹೋದರು. ಹಳೆಯ ಮನೆಗಳ ತೊಲೆಗಳಿಂದ ಇನ್ನೊಂದು ಸರಣಿ ಮಾಡಿದರು. ಎರಡರ ನಡುವೆ ಕೊಂಡಿ ಇರಲಿಲ್ಲ. 1929ರ ಜೂನ್‌ನಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕ ಸುಟ್ಟು ಕರಿಯಾದ ತೊಲೆಯೊಂದು ಎರಡೂ ಸರಣಿಗಳನ್ನು ಕೂಡಿಸಿತು, ಒಮ್ಮೆಗೇ ಹತ್ತಾರು ಹಾಳೂರುಗಳಿಗೆ ಇಸವಿ ಬಂತು. 1276ರಿಂದ 1299ರವರೆಗೆ ಅಲ್ಲಿ ಭಾರಿ ಬರ ಬಿದ್ದಿತ್ತೆಂಬುದೂ ಆ ಬಳೆಗಳಿಂದಲೇ ತಿಳಿಯಿತು. 1300ರ ಹೊತ್ತಿಗೆ ಮೇಸಾ ವರ್ಡೆ ಬರಿದಾಗಿತ್ತು. ಅಲ್ಲಿಂದ ಗುಳೆ ಹೋದವರ ಮಕ್ಕಳು ಮರಿಗಳೇ ಇಂದಿನ ಹೋಪಿ, ಜುನಿ ಮುಂತಾದ ಪ್ಯೂಬ್ಲೊ ಜನ.

ಬ್ರಹ್ಮಗಿರಿಯ ಕೆಳಗಿನ ಪದರಕ್ಕೆ ಮತ್ತೆ ಬರೋಣ, ನನಗೆ ಬಹಳ ಆಪ್ತವೆನಿಸುವುದು ಅದೇ. ಅಲ್ಲಿ ಮನೆಯ ಕಂಬ ನೆಟ್ಟ ಗುಳಿಗಳು ಸಿಕ್ಕಿವೆ. ಮರ ಕೊಳೆತು ಹೋದರೂ ಗುಳಿಯಲ್ಲಿ ತುಂಬಿಕೊಂಡ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆಯಾಗಿರುತ್ತದೆ. ಅವನ್ನು ಒಂದೊಂದಾಗಿ ಗುರುತಿಸಿದರೆ ಮನೆಯ ಆಕಾರ ನೆಲದ ಮೇಲೆ ಮೂಡುತ್ತದೆ. ದೊಡ್ಡವರು ಸತ್ತರೆ ಗುಂಡಿಯಲ್ಲಿ ಮಲಗಿಸಿ ಹೂಳಿದ್ದಾರೆ. ಎಳೆಮಕ್ಕಳನ್ನು ಮಾತ್ರ ಮಡಕೆಯೊಳಗಿಟ್ಟು, ವಾಸದ ನೆಲೆಯೊಳಗೇ ಹೂಳಿದ್ದಾರೆ. ಕೂಸನ್ನು ಊರಾಚೆಗೆ ಕಳಿಸಲು ಮನಸ್ಸು ಬಾರದ ತಾಯಿಯೊಬ್ಬಳು ಅಲ್ಲಿದ್ದಳೆಂದು ನನಗನ್ನಿಸುತ್ತದೆ. ಪುರಾತತ್ವಜ್ಞರು ಅಷ್ಟು ದೂರ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಮನೆ ಹೇಗಿತ್ತೆಂದು ತಿಳಿಯಲು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಅಗೆತ ದೊಡ್ಡ ನೆರವು. 1963-64ರಲ್ಲಿ ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಗುಡ್ಡದ ಮೇಲಿನ ನವಶಿಲಾಯುಗದ ದುಂಡುಮನೆಗಳನ್ನು ಬಿಡಿಸಿದರು. ಅಷ್ಟಕ್ಕೇ ಬಿಡದೆ, ಅದೇ ಊರಿನಲ್ಲಿ ಆಗ ಜನ ವಾಸವಿದ್ದ ಗುಡಿಸಲುಗಳನ್ನೂ ಅಳೆದು ನೋಡಿದರು. ಬಿದಿರು ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಸೂರು. ನಾಲ್ಕು ಸಾವಿರ ವರ್ಷದ ಹಿಂದಿನ ಕಂಬದ ಗುಳಿಗೆ ಜೀವಂತ ಮನೆಯೊಂದು ಅರ್ಥ ಕೊಟ್ಟಿತು.

ಊಟದ ವಿಷಯದಲ್ಲಿ ನೆಂಟು ಇನ್ನೂ ಹತ್ತಿರದ್ದು. ಹಳ್ಳೂರು, ಬಳ್ಳಾರಿ ಪಕ್ಕದ ಸಂಗನಕಲ್ಲು ಮುಂತಾದ ನೆಲೆಗಳ ಬೂದಿಮಣ್ಣನ್ನು ನೀರಿನಲ್ಲಿ ಕಲಕಿ ತೇಲಿಬಂದ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಹೆಚ್ಚಾಗಿ ಸಿಕ್ಕವು ಹುರುಳಿ, ಹೆಸರು, ಮತ್ತು ಸಿರಿಧಾನ್ಯಗಳಲ್ಲಿ ಕೊರಲೆ. ಕೊರಲೆ ಇಂದಿಗೂ ಸಿರಾ, ಮಧುಗಿರಿ, ಪಾವಗಡ, ಚಿತ್ರದುರ್ಗದ ಕಡೆಯ ರೈತರು ಬೆಳೆಯುವ ಬೆಳೆ. ದೇಶದ ಬೇರೆ ಕಡೆ ಅದರ ಹೆಸರು ಕೇಳಿದವರೇ ಕಡಿಮೆ. ಈಗ ಅದು ಬೆಂಗಳೂರಿನ ಸಿರಿಧಾನ್ಯದ ಅಂಗಡಿಗಳಿಗೂ ಬರುತ್ತಿದೆ. ಮಾಕಳಿಯಲ್ಲಿ ಕೊರಲೆ ಅನ್ನಕ್ಕೆ ಹುರುಳಿಸಾರು ಕಲಸಿ ಉಂಡವರು ಈ ನೆಲದ ಅತಿ ಹಳೆಯ ಊಟಗಳಲ್ಲಿ ಒಂದನ್ನು ಉಂಡಂತೆಯೇ.

ದನದ ಮಾತು ಬಿಟ್ಟರೆ ಈ ಜನರ ಕತೆ ಪೂರ್ತಿಯಾಗದು. ಅವರ ನೆಲೆಗಳಲ್ಲಿ ದನದ ಎಲುಬು ಧಾರಾಳ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯಂಥ ಕಡೆ ಬೂದಿಯ ದಿಬ್ಬಗಳಿವೆ. ದೊಡ್ಡಿಯಲ್ಲಿ ವರ್ಷಗಟ್ಟಲೆ ಒಟ್ಟಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು, ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾದ ದಿಬ್ಬಗಳು. ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ಅಂಥ ದಿಬ್ಬ ಅಗೆದಾಗ ದನಗಳ ಗೊರಸಿನ ಅಚ್ಚುಗಳೇ ಸಿಕ್ಕವು. ಇಂದು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಓಡಾಡಿದರೆ ಮ್ಯಾಸಬೇಡರು ಸಾಕುವ ದೇವರ ಎತ್ತುಗಳ ಹಿಂಡು ಎದುರಾಗಬಹುದು. ಅವುಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಮೇಯಿಸುತ್ತಾರೆ, ಬರಗಾಲ ಬಂದರೆ ಮೇವಿಗಾಗಿ ಪಡಬಾರದ ಪಾಡು ಪಡುತ್ತಾರೆ. ಇವರು ಆ ಹಳೆಯ ಜನರ ವಂಶದವರೇ ಎಂದು ನಾನು ಹೇಳುತ್ತಿಲ್ಲ. ಮಳೆ ಕಡಿಮೆಯಾದ, ಕುರುಚಲು ಬೆಳೆಯುವ ಈ ನೆಲ ನಾಲ್ಕು ಸಾವಿರ ವರ್ಷದಿಂದ ಮನುಷ್ಯನಿಗೆ ದನದ ಜೊತೆಗಿನ ಬದುಕನ್ನೇ ಕಲಿಸುತ್ತ ಬಂದಿದೆ ಎಂಬುದು ಮಾತ್ರ ಕಣ್ಣಿಗೆ ಕಾಣುವ ಸತ್ಯ.

ಇನ್ನು ನೋಡಲು ಹೋಗುವವರಿಗೆ ಒಂದು ವಿನಂತಿ. ಬ್ರಹ್ಮಗಿರಿಯ ಬುಡದಲ್ಲಿ ನಡೆಯುವಾಗ ಕಾಲಬಳಿ ಮಡಕೆಚೂರು ಕಾಣುತ್ತವೆ. ಬಗ್ಗಿ ನೋಡಿ. ಹೊರಮೈ ಕೆಂಪು, ಬಾಯಂಚು ಮತ್ತು ಒಳಮೈ ಕಪ್ಪು ಇದ್ದರೆ ಅದು ಸಮಾಧಿ ಕಟ್ಟಿದವರ ಕಾಲದ ಬಗೆ. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಬೂದಿಯಲ್ಲಿ ಹೂತ ಬಾಯಿಗೆ, ಒಳಮೈಗೆ ಗಾಳಿ ಸಿಗದೆ ಕಪ್ಪಾಗುತ್ತದೆ; ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಒಂದೇ ಬೆಂಕಿ, ಎರಡು ಬಣ್ಣ. ಅಂಗೈಯಗಲದ ಚೂರಿನಲ್ಲಿ ಕುಂಬಾರನ ಬೆರಳು ಒತ್ತಿದ ಗೆರೆ ಕಂಡರೂ ಕಾಣಬಹುದು. ನೋಡಿದ ಮೇಲೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಜೇಬಿಗೆ ಹಾಕಿಕೊಂಡು ತಂದು ಮಾಕಳಿಯ ಷೋಕೇಸಿನಲ್ಲಿಟ್ಟರೆ ಅದು ಬರೀ ಹಂಚಿನ ತುಂಡು. ಅಲ್ಲಿದ್ದಾಗ ಅದು ಯಾವ ಪದರದ ಮೇಲೆ, ಯಾವ ಗೋಡೆಯ ಪಕ್ಕ, ಯಾವ ಎಲುಬಿನ ಜೊತೆ ಇತ್ತೆಂಬುದೇ ಅದರ ಬೆಲೆ. ಅರಿಕಮೇಡುವಿನ ತಟ್ಟೆಯನ್ನು ಯಾರೋ ಮೊದಲೇ ಆಯ್ದುಕೊಂಡು ಹೋಗಿದ್ದರೆ ಬ್ರಹ್ಮಗಿರಿಗೆ ಇಸವಿಯೇ ಸಿಗುತ್ತಿರಲಿಲ್ಲ.

ಅಮೆರಿಕದವರು ಈ ಪಾಠವನ್ನು ಬಹಳ ಕಳೆದುಕೊಂಡ ಮೇಲೆ ಕಲಿತರು. 1888ರಲ್ಲಿ ದನ ಹುಡುಕುತ್ತ ಹೋದ ವೆದರಿಲ್ ಮನೆತನದವರ ಕಣ್ಣಿಗೆ ಕ್ಲಿಫ್ ಪ್ಯಾಲೆಸ್ ಬಿದ್ದ ಮೇಲೆ ಮಡಕೆ, ಬುಟ್ಟಿ, ಎಲುಬು ಎಲ್ಲ ಮಾರಾಟದ ಸರಕಾದವು. 1891ರಲ್ಲಿ ಸ್ವೀಡನ್ನಿನ ಗುಸ್ತಾಫ್ ನೋರ್ಡೆನ್‌ಶೋಲ್ಡ್ ಅಗೆದು ಸಾಗಿಸಿದ ಸಂಗ್ರಹ ಕೊನೆಗೆ ಫಿನ್ಲೆಂಡಿನ ಹೆಲ್ಸಿಂಕಿಯ ವಸ್ತುಸಂಗ್ರಹಾಲಯ ಸೇರಿತು. ಇಂಥ ಲೂಟಿ ತಡೆಯಲೆಂದೇ 1906ರಲ್ಲಿ ಅಲ್ಲಿ ಪುರಾತನ ವಸ್ತುಗಳ ಕಾಯಿದೆ ಬಂತು, ಅದೇ ತಿಂಗಳು ಮೇಸಾ ವರ್ಡೆ ರಾಷ್ಟ್ರೀಯ ಉದ್ಯಾನವಾಯಿತು. ಸತ್ತವರ ಎಲುಬುಗಳು ಮಾತ್ರ ಹೆಲ್ಸಿಂಕಿಯಲ್ಲೇ ಉಳಿದಿದ್ದವು. 2020ರಲ್ಲಿ ಅವು ವಾರಸುದಾರ ಬುಡಕಟ್ಟುಗಳ ಕೈಗೆ ಮರಳಿ, ಮತ್ತೆ ಮಣ್ಣು ಸೇರಿದವು. ನೂರಿಪ್ಪತ್ತೊಂಬತ್ತು ವರ್ಷ ಬೇಕಾಯಿತು.

ನಮ್ಮಲ್ಲಿ ಕಾನೂನು ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೂ ನಿಧಿಗಳ್ಳರು ಕಲ್ಲುವೃತ್ತಗಳ ನಡುವೆ ಗುಂಡಿ ತೋಡುವುದು ನಿಂತಿಲ್ಲ. ಸಮಾಧಿಯ ತಳದಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಒಂದಿಷ್ಟು ಮಣಿ; ರಾತ್ರಿಯೆಲ್ಲ ಅಗೆದವನಿಗೆ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ, ನಮಗೆ ಮಾತ್ರ ಒಂದು ಮನೆತನದ ಕತೆಯೇ ಅಳಿಸಿಹೋಗುತ್ತದೆ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕಪ್ಪುಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ಕಾರ್ಯಾಗಾರವೇ ಇತ್ತು. ಆ ಗುಡ್ಡದ ಮೈಯನ್ನು ಕಲ್ಲುಗಣಿಗಾರಿಕೆ ಗಾಯ ಮಾಡಿದೆ. ಗುಡ್ಡ ಒಡೆದು ತಂದ ಜಲ್ಲಿ ಎಲ್ಲಾದರೂ ಸಿಗುತ್ತಿತ್ತು, ಆ ಕೊಡಲಿಯಂಗಡಿ ಇನ್ನೆಲ್ಲೂ ಸಿಗದು.

ನಿಂತ ಕಟ್ಟಡ ನೋಡಿದರೇ ಸಮಾಧಾನ ಎನ್ನುವವರು ಇನ್ನೂ ಮುಂದೆ ಹೋಗಿ ಗಂಗಾವತಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದ ಹಿರೇಬೆಣಕಲ್ ನೋಡಬೇಕು. 1835ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಬರೆದು ತಿಳಿಸಿದ, ನಮ್ಮ ಅ. ಸುಂದರ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾಗ. ಬೆಟ್ಟದ ನೆತ್ತಿಯ ಮೇಲೆ ಸುಮಾರು 400 ಕಲ್ಲುರಚನೆಗಳು, ಕೆಲವು ಮನುಷ್ಯನಿಗಿಂತ ಎತ್ತರ, ಕಿಂಡಿಯಿರುವ ಗೋಡೆ, ಮೇಲೆ ಚಪ್ಪಡಿಯ ಮಾಡು. ಹಳ್ಳಿಯವರು ಅವನ್ನು ಕುಳ್ಳರಾದ ಮೋರೇರ ಮನೆಗಳೆನ್ನುತ್ತಾರೆ. ಹತ್ತಿರದಲ್ಲೇ ನಗಾರಿಯಾಕಾರದ ದೊಡ್ಡ ಗುಂಡು ಇದೆ, ಬಡಿದರೆ ದೂರದವರೆಗೆ ನಾದ ಕೇಳುತ್ತದೆ. 2021ರಲ್ಲಿ ಇದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೆ ಒಂದೇ ದಿನದಲ್ಲಿ ಹೋಗಿಬರಲು ಆಗುವುದಿಲ್ಲ, ಬೆಟ್ಟ ಹತ್ತುವುದೂ ಇದೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಬ್ರಹ್ಮಗಿರಿಯನ್ನೇ, ದಾರಿಯಲ್ಲಿ ಚಂದ್ರವಳ್ಳಿಯನ್ನೂ ಸೇರಿಸಿಕೊಂಡು. ಹಿರಿಯೂರಿನಲ್ಲಿ ಹೊರಳದೆ ನೇರ ಚಿತ್ರದುರ್ಗಕ್ಕೆ ಹೋಗಿ, ಬೆಳಗ್ಗೆ ಚಂದ್ರವಳ್ಳಿ ನೋಡಿ, ಅಲ್ಲಿಂದ ಚಳ್ಳಕೆರೆಯ ಮೇಲೆ ಮೊಳಕಾಲ್ಮೂರಿಗೆ ಹೋದರಾಯಿತು.

ಹೋಗಬೇಕಾದ ಕಾಲ ಡಿಸೆಂಬರ್, ಜನವರಿ. ಕೊಯ್ಲು ಮುಗಿದು ಹೊಲ ಬರಿದಾಗಿರುತ್ತದೆ, ಹುಲ್ಲು ಒಣಗಿರುತ್ತದೆ, ವೃತ್ತಗಳು ಸಲೀಸಾಗಿ ಕಾಣುತ್ತವೆ. ಮಾರ್ಚ್ ಕಳೆದರೆ ಆ ಬಂಡೆಗಳ ಬಿಸಿ ಮಕ್ಕಳಿಗೆ ತಡೆಯದು. ನೀರು, ಬುತ್ತಿ, ಟೋಪಿ ಇರಲಿ. ಶಾಸನ ನೋಡಿದ ಮೇಲೆ ಕುರಿ ಕಾಯುವವರು ಯಾರಾದರೂ ಸಿಕ್ಕರೆ ಕಲ್ಲಿನ ಸಾಲುಗಳು ಎಲ್ಲಿವೆಯೆಂದು ಕೇಳಿ. ಆ ಜಾಗದ ಮೂಲೆಮೂಲೆ ಅವರಿಗೆ ಗೊತ್ತು. ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು: ಅಕ್ಷರಗುಂಡಿನ ಪಕ್ಕದಲ್ಲಿ ಎರಡನೆಯ ಫಲಕವೊಂದು ಬರಲಿ, ಕನ್ನಡದಲ್ಲಿ. ಊರಿನ ನೆಲೆ ಎಲ್ಲಿತ್ತು, ಸಮಾಧಿಗಳು ಎಲ್ಲಿಂದ ಎಲ್ಲಿಯವರೆಗೆ ಇವೆ, ಅಗೆದಾಗ ಯಾವ ಪದರದಲ್ಲಿ ಏನು ಸಿಕ್ಕಿತು ಎಂಬುದನ್ನು ಒಂದು ನಕ್ಷೆಯ ಮೇಲೆ ಬರೆದು, ನೆಲದ ಚೂರನ್ನು ನೆಲದಲ್ಲೇ ಬಿಡಿ ಎಂದು ಕೆಳಗೆ ಸೇರಿಸಲಿ.